ಸೇತುವೆಯ ಕೆಳಗಣ ಭಿತ್ತಿಚಿತ್ರಗಳು

ಭಿತ್ತಿಚಿತ್ರಗಳ ಛಾಯಾಗ್ರಹಣಕ್ಕೆ ಹೊರಟವರಲ್ಲಿ ಬಹುಮಂದಿ ಅವುಗಳನ್ನು ಚೌಕಟ್ಟಿನ ಪಟಗಳೆಂದೇ ಭಾವಿಸಿ, ಬಣ್ಣವೊಂದನ್ನೇ ಉಳಿಸಿಕೊಂಡು, ಗೋಡೆಯನ್ನೂ ನೆಲವನ್ನೂ ನೆರೆಹೊರೆಯನ್ನೂ ಹೊರಗೆ ದೂಡುತ್ತಾರೆ. ಈ ಪದ್ಧತಿ ಎಷ್ಟು ಅಸಮರ್ಪಕವೆಂಬುದನ್ನು ಮನಗಾಣಲು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಚಿಕಾನೋ ಪಾರ್ಕಿಗಿಂತ ಉಚಿತವಾದ ಸ್ಥಳ ಇನ್ನೊಂದಿರಲಾರದು.

ಮೆಕ್ಸಿಕೋ ಮೂಲದ ಶ್ರಮಜೀವಿಗಳು ತಲೆಮಾರುಗಳಿಂದ ಬಾಳಿಕೊಂಡು ಬಂದಿದ್ದ ಈ ಪಾರ್ಕ್ ಇರುವ ಬ್ಯಾರಿಯೋ ಲೋಗನ್ ಬಡಾವಣೆಯನ್ನು ಮೊದಲು ಹೆದ್ದಾರಿ ಸೀಳಿತು. ಬಳಿಕ, 1969ರಲ್ಲಿ ಸಂಚಾರಕ್ಕೆ ತೆರೆದ ಕೊರೊನಾಡೋ ಸೇತುವೆಯ ಕಂಬಗಳು ಅದರ ನಡುವೆಯೇ ಬಂದು ನಿಂತವು. ಉದ್ಯಾನಕ್ಕೆಂದು ಜನರು ನಂಬಿದ್ದ ನೆಲದಲ್ಲಿ ಹೆದ್ದಾರಿ ಪೊಲೀಸರ ಠಾಣೆ ಏಳಲಿದೆಯೆಂಬ ಸಂಗತಿ ತಿಳಿಯಲಾಗಿ, 1970ರ ಏಪ್ರಿಲ್ 22ರಂದು ಅವರು ಕೈಕೈ ಹಿಡಿದು ಬುಲ್ಡೋಜರುಗಳನ್ನು ತಡೆದರು. 1973ರಿಂದ ಮೊದಲ್ಗೊಂಡು, ಯಾವ ಕಾಂಕ್ರೀಟು ತಮ್ಮ ಮನೆಗಳ ಸ್ಥಾನವನ್ನು ಆಕ್ರಮಿಸಿತ್ತೋ ಆ ಕಾಂಕ್ರೀಟಿನ ಮೇಲೆಯೇ ತಮ್ಮ ವೀರರನ್ನೂ ದೇವತೆಗಳನ್ನೂ ಚಿತ್ರಿಸಿದರು. ಹೀಗಿರಲು, ಕಂಬವನ್ನು ಬಿಟ್ಟು ಚಿತ್ರವನ್ನಷ್ಟೇ ಸೆರೆಹಿಡಿಯುವುದೆಂದರೆ ಆ ಜನರ ಹೋರಾಟವನ್ನೇ ಅಳಿಸಿಹಾಕಿದಂತೆ.

ಇಲ್ಲಿ ಮುಖ್ಯವಾದ ತೊಡಕು ಬೆಳಕಿನದು. ನೆತ್ತಿಯ ಮೇಲೆ ಸೇತುವೆ ಹಾದುಹೋಗಿರುವುದರಿಂದ ಕಂಬದ ಒಂದು ಪಾರ್ಶ್ವ ಪ್ರಖರವಾದ ಬಿಸಿಲಿನಲ್ಲಿದ್ದರೆ ಇನ್ನೊಂದು ದಟ್ಟವಾದ ನೆರಳಿನಲ್ಲಿರುತ್ತದೆ. ಬಿಸಿಲಿಗೆ ಎಕ್ಸ್‌ಪೋಷರ್ ಹೊಂದಿಸಿದರೆ ನೆರಳು ಮಸಿಗಟ್ಟುತ್ತದೆ, ನೆರಳಿಗೆ ಹೊಂದಿಸಿದರೆ ಆಕಾಶವೆಲ್ಲ ಬೆಳ್ಳಗೆ ಬರಿದಾಗುತ್ತದೆ. ಆದುದರಿಂದ, ಪೆಸಿಫಿಕ್ ಸಾಗರದ ಮೇಲಿನಿಂದ ಬಂದ ಮೋಡ ಕರಾವಳಿಯನ್ನು ಕವಿದಿರುವ ಮೇ–ಜೂನ್ ತಿಂಗಳ ಮುಂಜಾನೆಗಳೇ ಈ ಕಾರ್ಯಕ್ಕೆ ಪ್ರಶಸ್ತವೆಂದು ನನ್ನ ಮತ. ಕ್ಯಾಮೆರಾವನ್ನು ಮೇಲ್ಮುಖವಾಗಿ ಹಿಡಿದೊಡನೆ ಕಂಬಗಳು ತುದಿಯಲ್ಲಿ ಒಂದರತ್ತ ಒಂದು ವಾಲುವುವು; ಸಾಧ್ಯವಿದ್ದಷ್ಟು ಹಿಂದೆ ಸರಿದು, ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನು ಕಂಬದ ಮುಖಕ್ಕೆ ಸಮಾನಾಂತರವಾಗಿ ನೆಟ್ಟಗೆ ನಿಲ್ಲಿಸಿ, ಶಿಫ್ಟ್ ಲೆನ್ಸ್ ಇದ್ದರೆ ಅದನ್ನು ಮೇಲಕ್ಕೆ ಸರಿಸಿಕೊಳ್ಳುವುದು ಲೇಸು.

ಕಂಬವೊಂದರ ಮೇಲೆ, ಸೇತುವೆಯ ಭಾರವನ್ನು ತಾನೇ ಹೊತ್ತವನಂತೆ ನಿಂತ ಮಹಾಕಾಯನೊಬ್ಬನ ಚಿತ್ರವಿದೆ. ಕ್ಯಾಮೆರಾದ ಚೌಕಟ್ಟಿನಿಂದ ಸೇತುವೆಯನ್ನು ಕೈಬಿಟ್ಟೆವೋ, ಆತನಿಗೆ ಹೊರಲು ಹೊರೆಯೇ ಇಲ್ಲವಾಗಿ, ಅಷ್ಟು ದೊಡ್ಡ ದೇಹ ನಿರರ್ಥಕವಾಗುತ್ತದೆ. ಅದೇ, ಮೇಲಣ ಬೂದುಬಣ್ಣದ ಹಾಸನ್ನೂ ಬುಡದಲ್ಲಿ ಸುಳಿದಾಡುವ ಒಬ್ಬಿಬ್ಬರು ಮನುಷ್ಯರನ್ನೂ ಸೇರಿಸಿಕೊಂಡಲ್ಲಿ, ಆತನ ಎತ್ತರವೂ ಹೊರೆಯೂ ಒಂದೇ ನೋಟಕ್ಕೆ ತಿಳಿದುಬರುತ್ತವೆ. ಜನಸಂದಣಿಯನ್ನು ಬಯಸುವವರು ಏಪ್ರಿಲ್ ತಿಂಗಳ ವಾರ್ಷಿಕೋತ್ಸವಕ್ಕೆ ಹೋಗಬಹುದು. ಆದರೆ ಅಂದು ಗರಿಯ ಕಿರೀಟ ಧರಿಸಿ ಕುಣಿಯುವ ಆಜ್ಟೆಕ್ ನರ್ತಕರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಅವರ ಅನುಮತಿಯನ್ನು ಕೇಳತಕ್ಕದ್ದು.