ಟಿಕ್ ಹಾಕಿ, ಪತ್ರಕರ್ತರಾಗಿ

ಪುಸ್ತಕಕ್ಕೆ ವಿಮರ್ಶೆ ಇದೆ, ಸಿನಿಮಾಕ್ಕಿದೆ, ಈಗ ಬೆಣ್ಣೆ ದೋಸೆಗೂ ಇದೆ. ಅರ್ಜಿ ನಮೂನೆಗೆ ಮಾತ್ರ ಯಾರೂ ವಿಮರ್ಶೆ ಬರೆಯಲ್ಲ. ಬರೀಬೇಕು ಅನ್ನೋದು ನನ್ನ ವಾದ. ಒಂದು ಕೋರ್ಸಿಗೆ ಎಂಥವರು ಬೇಕು ಅನ್ನೋದನ್ನ ಸಿಲಬಸ್ಸಿಗಿಂತ ಮೊದಲೇ ಅದರ ಅರ್ಜಿ ಮತ್ತು ಪ್ರವೇಶ ಪರೀಕ್ಷೆ ಹೇಳಿಬಿಡುತ್ತವೆ. ನಮ್ಮಣ್ಣನ ಮಗಳು ಬಿ.ಎ. ಮುಗಿಸಿ ಪತ್ರಿಕೋದ್ಯಮಕ್ಕೆ ಅರ್ಜಿ ಹಾಕ್ತಿದ್ದಾಳೆ. ಆ ನೆಪದಲ್ಲಿ ಎರಡು ವಾರಾಂತ್ಯ ಕೂತು ಇವನ್ನೆಲ್ಲ ಓದಿದೆ.

ದೆಹಲಿಯ ಐಐಎಂಸಿಯಿಂದಲೇ ಶುರುಮಾಡೋಣ. 1965ರಲ್ಲಿ ಹುಟ್ಟಿದ ಸಂಸ್ಥೆ, ಇಂಗ್ಲಿಷ್-ಹಿಂದಿ ಸುದ್ದಿಮನೆಗಳ ತುಂಬ ಅಲ್ಲಿ ಓದಿದವರೇ. ಮೊದಲು ಅಲ್ಲಿಗೆ ಸೇರಬೇಕಂದ್ರೆ ಅವರದೇ ಬರವಣಿಗೆಯ ಪರೀಕ್ಷೆ, ಆಮೇಲೆ ಸಂದರ್ಶನ ಇತ್ತು. 2022ರಿಂದ ಮುಖ್ಯ ಕೋರ್ಸುಗಳಿಗೆ ಸಿಯುಇಟಿ ಪಿಜಿ ಬಂತು. ಕಂಪ್ಯೂಟರ್ ಮುಂದೆ ಕೂರಬೇಕು, ನಾಲ್ಕರಲ್ಲಿ ಒಂದನ್ನ ಆರಿಸಬೇಕು. ಸರಿಯಾದರೆ 4 ಅಂಕ, ತಪ್ಪಾದರೆ 1 ಕಳೆಯುತ್ತಾರೆ.

ಈ ಮಾದರಿಯಲ್ಲಿ ಏನು ಕೇಳಬಹುದು? ಕನ್ನಡದ ಮೊದಲ ಪತ್ರಿಕೆ ಯಾವುದು ಅಂತ ಕೇಳಬಹುದು. ಮಂಗಳೂರ ಸಮಾಚಾರ, 1843, ಹರ್ಮನ್ ಮೊಗ್ಲಿಂಗ್. ಟಿಕ್. ಆದರೆ ಜರ್ಮನಿಯಿಂದ ಬಂದ ಪಾದ್ರಿಯೊಬ್ಬ ಮಂಗಳೂರಲ್ಲಿ ಕಲ್ಲಚ್ಚಿನಲ್ಲಿ ಕನ್ನಡ ಪತ್ರಿಕೆ ಯಾಕೆ ತಂದ? ಯಾರು ಓದ್ತಾರೆ ಅಂದ್ಕೊಂಡಿದ್ದ? ಮರುವರ್ಷವೇ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಅಂತ ಹೆಸರು ಬದಲಿಸಿಕೊಂಡದ್ದು ಯಾಕೆ? ಈ ಪ್ರಶ್ನೆಗಳು ಎ, ಬಿ, ಸಿ, ಡಿ ಒಳಗೆ ಹಿಡಿಯಲ್ಲ. ಪ್ರಶ್ನೆ ಕೇಳೋದೇ ಕಸುಬಾಗಿರುವ ಕೆಲಸಕ್ಕೆ ಉತ್ತರ ಆರಿಸೋದರಲ್ಲಿ ಚುರುಕಾದವರನ್ನ ಹುಡುಕ್ತಿದ್ದಾರೆ. ಇಡೀ ಪರೀಕ್ಷೆಯಲ್ಲಿ ಪತ್ರಕರ್ತರಿಗೆ ಬೇಕಾದ ಒಂದೇ ಪಾಠ ಅಂದ್ರೆ ಆ ಮೈನಸ್ 1. ಗೊತ್ತಿಲ್ಲದಿದ್ದರೆ ಸುಮ್ಮನಿರು! ಕೆಲವು ಚಾನೆಲ್ಲುಗಳ ಆ್ಯಂಕರ್‌ಗಳಿಗೂ ಇದನ್ನ ಅಳವಡಿಸಿದ್ದರೆ ಚೆನ್ನಾಗಿರ್ತಿತ್ತು.

ನಮ್ಮ ಫೀಲ್ಡಿನವರಿಗೆ ಇದು ಬೇಗ ಅರ್ಥವಾಗುತ್ತೆ. ಜಾವಾ ಯಾವ ವರ್ಷ ಬಂತು ಅಂತ ಕೇಳಿ ಯಾರೂ ಡೆವಲಪರ್‌ನ ತಗೊಳ್ಳಲ್ಲ. ಒಂದು ಸಮಸ್ಯೆ ಕೊಟ್ಟು, ಕೋಡ್ ಬರಿ, ನೋಡೋಣ ಅಂತಾರೆ. ಬರೆದದ್ದು ಓಡದಿದ್ದರೂ ಪರವಾಗಿಲ್ಲ, ಹೇಗೆ ಯೋಚಿಸಿದ ಅಂತ ನೋಡ್ತಾರೆ. ವರದಿಗಾರರಾಗೋಕೆ ಬಂದವರ ಹತ್ತಿರ ಒಂದು ಪ್ಯಾರಾ ಬರೆಸಿ ನೋಡೋಕೆ ಏನು ಕಷ್ಟ?

ಹಾಗಂತ ಹಳೇ ಸಂದರ್ಶನವೇ ಚೆನ್ನಾಗಿತ್ತು ಅಂತ ಹೇಳಲಾರೆ. ನಾನು ಹಳ್ಳಿಯ ಕನ್ನಡ ಮೀಡಿಯಂ ಶಾಲೆಯಿಂದ ಬಂದವನು. ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು ಸಿಇಟಿಯಿಂದ. 80 ನಿಮಿಷಕ್ಕೆ 60 ಪ್ರಶ್ನೆ, ನೆಗೆಟಿವ್ ಮಾರ್ಕ್ಸ್ ಇಲ್ಲ, ಗೊತ್ತಿಲ್ಲದ್ದಕ್ಕೆಲ್ಲ ಮೂರನೇ ಆಯ್ಕೆ. ಅವತ್ತು ಐದು ಜನರ ಮುಂದೆ ಕೂರಿಸಿ ಇಂಗ್ಲಿಷಲ್ಲಿ ಮಾತಾಡು ಅಂದಿದ್ದರೆ ನಾನು ಇವತ್ತು ಊರಲ್ಲೇ ಇರ್ತಿದ್ದೆ. ಓಎಂಆರ್ ಶೀಟಿಗೆ ನನ್ನ ಉಚ್ಚಾರಣೆ ಕೇಳಿಸಲಿಲ್ಲ, ನಮ್ಮಪ್ಪನ ಪಂಚೆ ಕಾಣಿಸಲಿಲ್ಲ. ಆ ಉಪಕಾರ ಸಣ್ಣದಲ್ಲ. ಟಿಕ್ ಪರೀಕ್ಷೆಯನ್ನ ಬೈಯೋ ನಗರದ ಸ್ನೇಹಿತರು ಈ ಅರ್ಧವನ್ನ ಮರೀತಾರೆ. ಆದರೆ ಭೌತಶಾಸ್ತ್ರದ ಲೆಕ್ಕಕ್ಕೆ ಒಂದೇ ಉತ್ತರ ಇರುತ್ತೆ, ಅಲ್ಲಿ ಟಿಕ್ ನಡೆಯುತ್ತೆ. ಗ್ರಾಮಸಭೆಯ ವರದಿಗೆ ಹಾಗಿರಲ್ಲ.

ಇನ್ನು ಎಸ್‌ಒಪಿ, ಅಂದ್ರೆ ನಾನ್ಯಾಕೆ ಪತ್ರಕರ್ತ ಆಗಬೇಕು ಅಂತ ಬರೆದುಕೊಡುವ ಪುಟ. ಖಾಸಗಿ ವಿಶ್ವವಿದ್ಯಾಲಯಗಳ ಅರ್ಜಿಯಲ್ಲಿ ಇದಿಲ್ಲದೆ ಆಗಲ್ಲ. ಅಣ್ಣನ ಮಗಳು 'ಚಿಕ್ಕಪ್ಪ, ಇಂಗ್ಲಿಷ್ ಒಂದ್ಸಲ ನೋಡಿಕೊಡಿ' ಅಂತ ಕಳಿಸಿದ್ದಳು. ಬಾಲ್ಯದಿಂದ ಬರವಣಿಗೆಯ ಹವ್ಯಾಸ, ಕತೆ ಹೇಳುವ ತುಡಿತ, ದನಿಯಿಲ್ಲದವರ ದನಿಯಾಗುವ ಕನಸು. ವ್ಯಾಕರಣ ಎಲ್ಲ ಸರಿ ಇತ್ತು, ಅವಳೇ ಇರಲಿಲ್ಲ. ಇದಕ್ಕಿಂತ ಮೊದಲು ಏನಾದ್ರೂ ಬರೆದಿದ್ಯಾ ಪುಟ್ಟಿ ಅಂತ ಕೇಳಿದೆ. ಕನ್ನಡದಲ್ಲಿ ಬರೆದ ಒಂದು ಹಾಳೆಯ ಫೋಟೋ ವಾಟ್ಸಾಪಿನಲ್ಲಿ ಬಂತು.

ಅದರಲ್ಲಿ ನಮ್ಮೂರ ಶುದ್ಧ ಕುಡಿಯುವ ನೀರಿನ ಘಟಕ ಇತ್ತು. 11 ತಿಂಗಳಿಂದ ಬಂದ್. ಕಾಯಿನ್ ಹಾಕೋ ತೂತಿಗೆ ಯಾರೋ ಬೀಡಿ ತುಂಡು ತುರುಕಿದ್ದಾರೆ. ಜನ ಬೈಕಿಗೆ ಕ್ಯಾನ್ ಕಟ್ಟಿಕೊಂಡು 3 ಕಿಲೋಮೀಟರ್ ದೂರದ ಪಕ್ಕದೂರಿಗೆ ಹೋಗ್ತಾರೆ. 5 ರೂಪಾಯಿ ನೀರಿಗೆ 12 ರೂಪಾಯಿ ಪೆಟ್ರೋಲು. (ಲೆಕ್ಕ ಹಾಕಿ ನೋಡಿದೆ, ಸರಿಯಾಗಿದೆ.) ಪಂಚಾಯ್ತಿಯಲ್ಲಿ ಕೇಳಿದರೆ ಏಜೆನ್ಸಿಯವರನ್ನ ಕೇಳಿ ಅಂದರಂತೆ. ಏಜೆನ್ಸಿ ನಂಬರು ಬೋರ್ಡಿನಲ್ಲಿದೆ, ಅದು ಚಾಲ್ತಿಯಲ್ಲಿಲ್ಲ. ಉದ್ಘಾಟನೆ ಮಾಡಿದವರ ಹೆಸರು ಮಾತ್ರ ಇನ್ನೂ ಬಣ್ಣ ಮಾಸಿಲ್ಲ.

ಇದನ್ನ ಯಾಕೆ ಕಳಿಸ್ಲಿಲ್ಲ ಅಂದರೆ, 'ಅದು ಎಸ್‌ಒಪಿ ಥರ ಇಲ್ವಲ್ಲ ಚಿಕ್ಕಪ್ಪ' ಅಂದಳು. ಸರಿಯಾಗೇ ಹೇಳಿದಳು. ಇಂಟರ್ನೆಟ್ಟಿನಲ್ಲಿ ಸಿಗುವ ಮಾದರಿಗಳೆಲ್ಲ ಅವಳ ಎರಡನೇ ಕರಡಿನಂತೆಯೇ ಇವೆ. 21 ವರ್ಷದವರನ್ನ ನಿನ್ನ ಜೀವನದ ಉದ್ದೇಶ ಏನು ಅಂತ ಕೇಳಿದರೆ ಇನ್ನೇನು ಸಿಗುತ್ತೆ? ಎರವಲು ಮಾತು ಸಿಗುತ್ತೆ. ಈಗಂತೂ ಚಾಟ್‌ಜಿಪಿಟಿ ಅದನ್ನ ಅರ್ಧ ನಿಮಿಷದಲ್ಲಿ ಹೊಲಿದುಕೊಡುತ್ತೆ. ವರದಿ ಮಾಡಬಲ್ಲ ಹುಡುಗಿಯ ಕೈಯಿಂದ ಅವಳ ವರದಿಯನ್ನೇ ತೆಗೆಸಿ ಬಿಸಾಕಿಸುವ ಅರ್ಜಿಯನ್ನ ಪತ್ರಿಕೋದ್ಯಮದ ಅರ್ಜಿ ಅಂತ ಹೇಗೆ ಕರೆಯೋದು?

ಡಿಗ್ರಿಯೇ ಯಾಕೆ ಬೇಕು, ಡಿವಿಜಿ ಮೆಟ್ರಿಕ್ಕೂ ಪಾಸಾಗಿರಲಿಲ್ಲ ಅನ್ನೋರಿದ್ದಾರೆ. ನಿಜ. 1908ರಲ್ಲಿ ಮಿಸೌರಿಯಲ್ಲಿ ಪತ್ರಿಕೋದ್ಯಮ ಶಾಲೆ ತೆರೆದ ವಾಲ್ಟರ್ ವಿಲಿಯಮ್ಸ್ ಕೂಡ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಇವತ್ತಾದರೆ ಅರ್ಹತೆಯ ಕಾಲಮ್ಮಿನಲ್ಲೇ ಇಬ್ಬರೂ ಔಟ್. ಆದರೂ ಈ ವಾದ ನನಗೆ ಒಪ್ಪಿಗೆಯಿಲ್ಲ. ಇವತ್ತಿನ ಸುದ್ದಿಮನೆಯಲ್ಲಿ ಹೊಸಬರನ್ನ ಪಕ್ಕ ಕೂರಿಸಿಕೊಂಡು ತಿದ್ದೋಕೆ ಯಾರಿಗೂ ಪುರುಸೊತ್ತಿಲ್ಲ. ಕಲಿಯೋಕೆ ಒಂದು ಜಾಗ ಬೇಕೇ ಬೇಕು. ಕನ್ನಡನಾಡಿನಲ್ಲಿ ಆ ಜಾಗ 1951ರಲ್ಲೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರಿಂದ ಶುರುವಾಗಿತ್ತು.

ಕೊಲಂಬಿಯಾದ ಶಾಲೆಗೆ ದುಡ್ಡು ಕೊಟ್ಟ ಜೋಸೆಫ್ ಪುಲಿಟ್ಜರ್ 1904ರಲ್ಲಿ ಒಂದು ಉದ್ದದ ಲೇಖನ ಬರೆದು, ಪತ್ರಿಕೆಯ ವ್ಯಾಪಾರದ ಭಾಗವನ್ನ ಅಲ್ಲಿ ಕಲಿಸಲೇಬಾರದು ಅಂತ ಹಟ ಹಿಡಿದಿದ್ದ. ಜಾಹೀರಾತು, ಪ್ರಸಾರ ಎಲ್ಲ ಹೊರಗೆ. ಸ್ವತಃ ಪಕ್ಕಾ ವ್ಯಾಪಾರಿ, ಅದು ಬೇರೆ ವಿಷಯ. ಈಗಿನ ಬ್ರೋಷರ್ ತೆಗೆದರೆ ಮೊದಲ ಪುಟದಲ್ಲೇ ಪ್ಲೇಸ್‌ಮೆಂಟು, ಸ್ಟುಡಿಯೋದ ಲೈಟು. ತಾಲ್ಲೂಕು ಕಚೇರಿಯಲ್ಲಿ ಒಂದು ಪಹಣಿ ಓದೋದು ಹೇಗೆ, ಆರ್‌ಟಿಐ ಅರ್ಜಿ ಬರೆಯೋದು ಹೇಗೆ ಅಂತ ಯಾವ ಫೋಟೋದಲ್ಲೂ ಇಲ್ಲ.

ಭಾಷೆಯ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತೆ. ಐಐಎಂಸಿಯಲ್ಲಿ ಇಂಗ್ಲಿಷ್ ಬಿಟ್ಟು ಹಿಂದಿ, ಉರ್ದು, ಒಡಿಯಾ, ಮರಾಠಿ, ಮಲಯಾಳಂ ಪತ್ರಿಕೋದ್ಯಮದ ಡಿಪ್ಲೊಮಾ ಇವೆ. ಕೊಟ್ಟಾಯಂನಲ್ಲಿ ಕೇಂದ್ರ ಇದೆ, ಅಮರಾವತಿಯಲ್ಲಿದೆ. ಕನ್ನಡದ ಕೋರ್ಸೂ ಇಲ್ಲ, ಕರ್ನಾಟಕದಲ್ಲಿ ಕೇಂದ್ರವೂ ಇಲ್ಲ. ಸಿಯುಇಟಿ ಪಿಜಿಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮುಂದೆ ಕನ್ನಡದಲ್ಲೇ ಬರೆಯಬೇಕಾದವಳು ಒಳಗೆ ಹೋಗೋಕೆ ಕನ್ನಡದ ಒಂದು ವಾಕ್ಯವನ್ನೂ ಬರೆಯೋ ಹಾಗಿಲ್ಲ.

ನನ್ನ ಕೈಗೆ ಅರ್ಜಿ ಕೊಟ್ಟರೆ ಉದ್ದೇಶದ ಪುಟ ಕಿತ್ತು ಹಾಕ್ತೀನಿ. ನಿಮ್ಮೂರ ಅಥವಾ ನಿಮ್ಮ ಬೀದಿಯ ಒಂದು ನಿಂತ ಕೆಲಸದ ಬಗ್ಗೆ 300 ಪದ, ಮೂರು ಜನರನ್ನ ಮಾತಾಡಿಸಿ, ನಿಮ್ಮ ಭಾಷೆಯಲ್ಲಿ. ಪರೀಕ್ಷಾ ಕೊಠಡಿಯಲ್ಲಿ ಇನ್ನೊಂದು: ಅರ್ಧ ಗಂಟೆಯ ಪಂಚಾಯ್ತಿ ಸಭೆಯ ಆಡಿಯೋ ಕೇಳಿಸಿ, ವರದಿ ಬರೆಸೋದು. ಹೆಸರು, ಕಾಲೇಜು ಮುಚ್ಚಿ ತಿದ್ದೋದು. ಆಗ ಉಚ್ಚಾರಣೆಯೂ ಕೇಳಿಸಲ್ಲ, ಪಂಚೆಯೂ ಕಾಣಿಸಲ್ಲ.

ಅಷ್ಟೊಂದು ಉತ್ತರಪತ್ರಿಕೆ ಓದೋರು ಯಾರು ಅಂತ ಕೇಳಬಹುದು. ನಮ್ಮ ರಾಜ್ಯದಲ್ಲಿ ಪ್ರತಿವರ್ಷ 8 ಲಕ್ಷದಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಬರೀತಾರೆ. ಅವರ ಪ್ರಬಂಧ, ಪತ್ರಲೇಖನ ಎಲ್ಲವನ್ನೂ ಮೇಷ್ಟ್ರುಗಳು ಬೇಸಿಗೆಯ ಸೆಕೆಯಲ್ಲಿ ಕೂತು, ಕೆಂಪು ಪೆನ್ನು ಹಿಡಿದು ಓದಿ ಅಂಕ ಹಾಕ್ತಾರೆ.