ಎರಡು ಪೆಟ್ಟುಗಳ ನಡುವೆ

ಪಿಂಕಿ ವಿರಾನಿಯವರ 'ಅರುಣಾಸ್ ಸ್ಟೋರಿ' 1998ರಲ್ಲಿ ಬಂದ ಪುಸ್ತಕ. ನಾನು ಅದನ್ನು ಓದಿದ್ದು ಬಹಳ ತಡವಾಗಿ, ಅದೂ ಹೊಳಲ್ಕೆರೆಯ ಸೋದರಮಾವನ ಮನೆಯಲ್ಲಿ, ಅವರ ಮಂಚದ ಪಕ್ಕ ಕೂತು. ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾಗಿ, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮಾವ ಮನೆಗೆ ಬಂದಿದ್ದರು. ಬೇರೆಲ್ಲಾದರೂ ಓದಿದ್ದರೆ ಈ ಪುಸ್ತಕದ ಬಗ್ಗೆ ನನಗಿರುವ ತಕರಾರು ಹುಟ್ಟುತ್ತಿರಲಿಲ್ಲವೇನೋ.

ಅರುಣಾ ಶಾನಭಾಗ ಉತ್ತರ ಕನ್ನಡದ ಹಳದೀಪುರದವರು, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ಕಸ ಗುಡಿಸುವ ನೌಕರನೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಆಮ್ಲಜನಕ ಸಿಗದೆ ಮಿದುಳಿಗಾದ ಹಾನಿ ಮತ್ತೆ ಸರಿಹೋಗಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ನರ್ಸುಗಳು ಅವರನ್ನು ನೋಡಿಕೊಂಡರು. ಅಪರಾಧಿಗೆ ಶಿಕ್ಷೆಯಾದದ್ದು ಕೊಲೆಯತ್ನಕ್ಕೆ, ಸುಲಿಗೆಗೆ, ಅತ್ಯಾಚಾರಕ್ಕಲ್ಲ. ಈ ಅನ್ಯಾಯವನ್ನು ದೇಶ ಮರೆಯದಂತೆ ಮಾಡಿದ್ದು ವಿರಾನಿಯವರ ಪುಸ್ತಕ. ಅದರ ಸಿಟ್ಟಿಗೆ ನನ್ನ ಗೌರವವಿದೆ.

ತಕರಾರು ಬೇರೆ. ನಮ್ಮ ಹಳೆಯ ಸಿನಿಮಾಗಳಲ್ಲಿ ತಲೆಗೆ ಪೆಟ್ಟು ಬಿದ್ದು ನೆನಪು ಹೋಗುತ್ತದೆ, ಇನ್ನೊಂದು ಪೆಟ್ಟು ಬಿದ್ದರೆ ವಾಪಸ್ಸು ಬರುತ್ತದೆ. ನಡುವೆ ಒಂದು ಶೋಕಗೀತೆ. ಗಂಭೀರ ಬರವಣಿಗೆ ಈ ಎರಡನೆಯ ಪೆಟ್ಟನ್ನು ನಂಬುವುದಿಲ್ಲ, ಸರಿ. ಆದರೆ ಅದು ಬೀಳದ ಮೇಲೆ ಏನು ಹೇಳಬೇಕೆಂಬುದೂ ಅದಕ್ಕೆ ಗೊತ್ತಿಲ್ಲ. ನನ್ನ ಓದಿನಲ್ಲಿ ವಿರಾನಿಯವರ ಕಥನದ ಬಿಸಿಯೆಲ್ಲ ಆ ಒಂದು ದಿನದಲ್ಲಿದೆ. ಆಮೇಲಿನ ವರ್ಷಗಳು ಆ ದಿನದ ಕ್ರೌರ್ಯಕ್ಕೆ ಸಾಕ್ಷಿಯಾಗಿ ಮಾತ್ರ ಬರುತ್ತವೆ. ಅರುಣಾ ಮರಳಿ ಬರಲಿಲ್ಲ, ಆದ್ದರಿಂದ ಕಾಲ ಅಲ್ಲೇ ನಿಂತಿತು ಎಂಬ ಭಾವ.

ಕಾಲ ನಿಂತಿರಲಿಲ್ಲ ಎಂಬುದು ನನಗೆ ಕಂಡದ್ದು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ. ಅರುಣಾ ಅವರಿಗೆ ಕೊಡುವ ಆಹಾರ ನಿಲ್ಲಿಸಿ ನೆಮ್ಮದಿಯಿಂದ ಸಾಯಲು ಬಿಡಬೇಕೆಂದು ವಿರಾನಿ ಅರ್ಜಿ ಹಾಕಿದ್ದರು. 2011ರ ಮಾರ್ಚ್ 7ರಂದು ಕೋರ್ಟು ಒಪ್ಪಲಿಲ್ಲ. ದಯಾಮರಣದ ಚರ್ಚೆಯಲ್ಲಿ ಈ ತೀರ್ಪಿನ ಹೆಸರು ಎಲ್ಲರೂ ಹೇಳುತ್ತಾರೆ, ಅದರ ಮೊದಲ ಪುಟಗಳನ್ನು ಓದುವವರು ಕಡಿಮೆ. ಅರ್ಜಿಯಲ್ಲಿ ಕಾಣುವುದು ಒಳಕ್ಕೆ ತಿರುಚಿಕೊಂಡ ಮಣಿಕಟ್ಟು, ತಾಗಿದರೆ ಮುರಿಯುವಂಥ ಮೂಳೆ. ಆಸ್ಪತ್ರೆಯ ಉತ್ತರದಲ್ಲಿ ಕಾಣುವವರು, ಬಹಿರ್ದೆಸೆಗೆ ಹೋಗಬೇಕಾದಾಗ ಸದ್ದು ಮಾಡುವ, ಆ ಸದ್ದಿನ ಅರ್ಥ ನರ್ಸುಗಳಿಗೆ ಗೊತ್ತಿರುವ ಒಬ್ಬ ಹೆಂಗಸು. ಇವೆರಡೂ ಹೊಂದದೆ ಕೋರ್ಟು ಮೂವರು ವೈದ್ಯರನ್ನು ಕಳಿಸಿತು. ಕೋಣೆಯಲ್ಲಿ ಜನ ಹೆಚ್ಚಾದರೆ ಅರುಣಾ ಕಿರಿಕಿರಿಗೊಳ್ಳುತ್ತಾರೆ, ಮೀನು ಇಷ್ಟ, 2010ರಲ್ಲಿ ಮಲೇರಿಯಾ ಬರುವವರೆಗೆ ಬಾಯಿಂದಲೇ ಉಣ್ಣುತ್ತಿದ್ದರು ಎಂಬಂಥ ವಿವರಗಳು ಈ ಪುಟಗಳಲ್ಲಿ ಸಿಗುತ್ತವೆ. (ಹಳದೀಪುರದವರಿಗೆ ಮೀನು ಇಷ್ಟ ಎಂದು ಬರೆಯಲು ವೈದ್ಯರ ಸಮಿತಿ ಬೇಕಾಯಿತು!) ಮೂರೂವರೆ ದಶಕ ಹಾಸಿಗೆ ಹಿಡಿದರೂ ಒಂದು ಹಾಸಿಗೆ ಹುಣ್ಣು ಆಗಿರಲಿಲ್ಲ. ಹಾಗೆಂದು ಅರ್ಜಿ ಸುಳ್ಳಲ್ಲ. ಕೈಕಾಲು ಮುದುಡಿದ್ದು ನಿಜವೇ.

ಮುದುಡುವುದು ಅಂದರೇನೆಂದು ನಾನು ಕಲಿತದ್ದು ಅತ್ತೆಯಿಂದ. ಮಿದುಳಿಗೆ ಏಟಾದಾಗ ಸ್ನಾಯುಗಳ ಬಿಗಿತಕ್ಕೆ ಕಡಿವಾಣ ಇರುವುದಿಲ್ಲ. ಕೈ ಮಡಚಿಕೊಳ್ಳುತ್ತದೆ, ಯಾರೂ ಬಿಡಿಸದಿದ್ದರೆ ವಾರಗಳಲ್ಲಿ ಕೀಲು ಹಾಗೇ ಕೂತುಬಿಡುತ್ತದೆ. ಚಿತ್ರದುರ್ಗದಿಂದ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗ ವಾರಕ್ಕೆರಡು ದಿನ ತೋರಿಸಿಕೊಟ್ಟ. ಮಿಕ್ಕ ದಿನ ಅತ್ತೆಯೇ. ಮೊದಲು ಹೆಬ್ಬೆರಳು, ಆಮೇಲೆ ಉಳಿದ ಬೆರಳು, ಆಮೇಲೆ ಮಣಿಕಟ್ಟು. ಜೋರು ಮಾಡಿದರೆ ಇನ್ನೂ ಬಿಗಿಯುತ್ತದೆ, ತಡೆದು ತಡೆದು ಬಿಡಿಸಬೇಕು. ನೋಡಲು ಬಂದವರೆಲ್ಲ "ಹುಷಾರಾದ್ರಾ?" ಎಂದು ಕೇಳುತ್ತಿದ್ದರು. ಅತ್ತೆ "ನಿನ್ನೆಗಿಂತ ಕೈ ಮೆತ್ತಗಿದೆ" ಅನ್ನುತ್ತಿದ್ದರು. ಬಂದವರಿಗೆ ಅದು ಉತ್ತರವೆನಿಸುತ್ತಿರಲಿಲ್ಲ. ಮೂರು ವರ್ಷವಾಯಿತು. ಮಾವ ಎಡಗೈಯಲ್ಲಿ ಲೋಟ ಹಿಡಿಯುತ್ತಾರೆ, ನನ್ನ ಹೆಸರು ಒಮ್ಮೊಮ್ಮೆ ಬರುತ್ತದೆ.

ಅರುಣಾ ಪರವಾಗಿ ಮಾತಾಡುವ ಆಪ್ತರು ಯಾರು ಎಂಬ ಪ್ರಶ್ನೆ ಬಂದಾಗ ಕೋರ್ಟು ಆ ಸ್ಥಾನ ಕೊಟ್ಟದ್ದು ಪುಸ್ತಕ ಬರೆದವರಿಗಲ್ಲ, ಆಸ್ಪತ್ರೆಯ ಸಿಬ್ಬಂದಿಗೆ. ನಿರೂಪಣೆಯ ಹಕ್ಕು ಯಾರದು ಎಂದು ನಾವು ಸೆಮಿನಾರುಗಳಲ್ಲಿ ಕೇಳುತ್ತಲೇ ಇರುತ್ತೇವಲ್ಲ, ಇಲ್ಲಿ ಅದಕ್ಕೊಂದು ನೇರ ಉತ್ತರವಿದೆ. ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಹಗಲಿರುಳು ಮೈ ಮುಟ್ಟಿದವರು ಬರೆಯಲಿಲ್ಲ, ಬರೆದವರು ಸಾವು ಕೇಳಿದರು. ನರ್ಸೊಬ್ಬಳು ಬರೆದಿದ್ದರೆ ಆ ಪುಸ್ತಕದಲ್ಲಿ ಪ್ರತಿ ಪುಟವೂ ಹಿಂದಿನ ಪುಟದಂತೆಯೇ ಇರುತ್ತಿತ್ತೇನೋ. ಅಂಥದ್ದನ್ನು ಓದುವ ತಾಳ್ಮೆ ವಿಮರ್ಶಕರಾದ ನಮಗಿದೆಯೇ ಎಂಬ ಅನುಮಾನವೂ ಇದೆ.

ತೀರ್ಪಿನ ಆ ಪುಟಗಳನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. ದಯಾಮರಣದ ಮಾತು ಬಂದಾಗ ಅವರು ಏನೂ ಹೇಳಲಿಲ್ಲ. ಹಾಸಿಗೆ ಹುಣ್ಣಿನ ಸಾಲಿಗೆ ತಡೆದು, "ಎಷ್ಟು ಗಂಟೆಗೊಮ್ಮೆ ಮಗ್ಗುಲು ಬದಲಿಸ್ತಿದ್ರಂತೆ?" ಎಂದು ಕೇಳಿದರು.