ಸಿನಿಮಾ ಕರೆಯುವ ಮುಂಚೆ

ಹೈದರಾಬಾದಿನಲ್ಲಿ ಸಿನಿಮಾ ಹಾಡು ಕಿವಿಗೆ ಬೀಳದಂತೆ ಒಂದು ದಿನ ಕಳೆಯುವುದು ಕಷ್ಟ. ಆಟೊದಲ್ಲಿ ಅದೇ, ಇರಾನಿ ಹೋಟೆಲಿನಲ್ಲಿ ಅದೇ, ಬೀದಿಯ ಮದುವೆ ಬಾರಾತಿನಲ್ಲಂತೂ ಅದೇ. ಒಳ್ಳೆಯವೂ ಇವೆ ಅನ್ನಿ. ಆದರೆ ಹೀರೊ ಇಲ್ಲದ, ಬರೆದವರೇ ಹಾಡುವ ಹಾಡು ಬೇಕೆಂದರೆ ಹುಡುಕಿಕೊಂಡೇ ಹೋಗಬೇಕು.

ನಾನು ಹೋಗುತ್ತಿದ್ದದ್ದು ಬಂಜಾರಾ ಹಿಲ್ಸ್‌ನ ಲಾಮಕಾನಿಗೆ. ಸಾಕ್ಷ್ಯಚಿತ್ರಕಾರ ಎಂ. ಹಸನ್ ಅವರ ಮನೆಯಾಗಿದ್ದ ಜಾಗ, 2010ರಲ್ಲಿ ಊರಿಗೆಲ್ಲ ತೆರೆದ ಅಂಗಳವಾಯಿತು. ಕಾರ್ಯಕ್ರಮಕ್ಕಿಂತ ಸೌಂಡ್‌ಚೆಕ್ ಹೊತ್ತಿಗೇ ಹೋಗುವುದು ನನ್ನ ಚಟ. ಚಹಾ, ಸಮೋಸಾ ಹಿಡಿದು ಮೂಲೆಯಲ್ಲಿ ಕೂತರೆ, ಗಿಟಾರಿನ ಹುಡುಗ ಒಂದೇ ತಂತಿಯನ್ನು ಹತ್ತು ಸಲ ಮೀಟಿ, ಕಿವಿಯೊಡ್ಡಿ, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ. ಡ್ರಮ್ಸ್‌ನವನು ಅಷ್ಟು ಹೊತ್ತೂ ಕೈ ಕಟ್ಟಿ ಕಾಯುತ್ತಾನೋ, ಬಡಿಯುತ್ತಲೇ ಇರುತ್ತಾನೋ ನೋಡಿಕೊಳ್ಳಿ. ಕಾಯುವ ತಂಡದ ಹಾಡು ಕೇಳಲು ಲಾಯಕ್ಕು.

ಇದೇ ಊರಿನ ಚೌರಸ್ತಾ ತಂಡ ತೆಲುಗಿನ ಆಡುಮಾತಿಗೆ ರೆಗ್ಗೆ ಲಯ ಹಾಕಿತು. ರೆಗ್ಗೆಯಲ್ಲಿ ಗಿಟಾರು ಎರಡನೇ, ನಾಲ್ಕನೇ ಪೆಟ್ಟಿಗೆ ಚಕ್ಕೆಂದು ಬಡಿದು ಸುಮ್ಮನಾಗುತ್ತದೆ. ನಡುವೆ ಉಳಿದ ಖಾಲಿ ಜಾಗದಲ್ಲಿ ‘ಊರೆಳ್ಳಿಪೋತಾ ಮಾಮ’ದಂಥ ಹಾಡು ಆರಾಮಾಗಿ ತೂಗುತ್ತದೆ. ಅದೇ ತಂಡದ ರಾಮ್ ಮಿರಿಯಾಲ 2021ರಲ್ಲಿ ‘ಜಾತಿ ರತ್ನಾಲು’ ಚಿತ್ರದ ‘ಚಿಟ್ಟಿ’ ಹಾಡಿದರು, ಮರುವರ್ಷ ‘ಡಿಜೆ ಟಿಲ್ಲು’ ಚಿತ್ರದ ಹಾಡು ಬಂತು. ಈಗ ಆಟೊದಲ್ಲೂ ಅವರದೇ ದನಿ! ಶರೀಫಜ್ಜನ ತತ್ವಪದವನ್ನು ಬ್ಯಾಂಡಿಗೆ ತಂದ ನಮ್ಮ ರಘು ದೀಕ್ಷಿತರನ್ನೂ ಗಾಂಧಿನಗರ ಕರೆಸಿಕೊಂಡಿತಲ್ಲ, ಹಾಗೆ. ಅದರಲ್ಲಿ ತಪ್ಪೇನಿಲ್ಲ, ಹೊಟ್ಟೆ ತುಂಬಬೇಕು. ಆದರೆ ಸಿನಿಮಾದ ಹಾಡು ಸನ್ನಿವೇಶಕ್ಕೆ ಹುಟ್ಟುತ್ತದೆ, ಇವರ ಹಾಡು ತನ್ನ ಪಾಡಿಗೆ ತಾನೇ ಹುಟ್ಟಿತ್ತು. ಆ ರುಚಿ ಬೇರೆ.

ಸಿನಿಮಾ ಕರೆಯಲಾರದ ತಂಡಗಳೂ ಇಲ್ಲಿವೆ. ಹೈದರಾಬಾದಿನಲ್ಲಿ ಬೇರುಬಿಟ್ಟ ‘ಗಾಡ್‌ಲೆಸ್’ ನುಡಿಸುವುದು ಡೆತ್ ಮೆಟಲ್. 2021ರ ಅವರ ಆಲ್ಬಂ ‘ಸ್ಟೇಟ್ಸ್ ಆಫ್ ಕೇಯಾಸ್’ ಮೊದಲ ಸಲ ಕೇಳಿದರೆ ಬರೀ ಗದ್ದಲ. ಎರಡನೇ ಸಲ ಡ್ರಮ್ಸ್ ಒಂದನ್ನೇ ಹಿಂಬಾಲಿಸಿ. ಮೂರನೆಯದಕ್ಕೆ ಗಿಟಾರುಗಳು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತವೆ. ಮೂರು ಸಲ ಕೇಳುವ ತಾಳ್ಮೆಯಿಲ್ಲದಿದ್ದರೆ ಹೊಸ ಸಂಗೀತದ ಗೊಡವೆಗೇ ಹೋಗಬೇಡಿ.

ಮೆಚ್ಚಿದ್ದನ್ನು ದುಡ್ಡು ಕೊಟ್ಟೇ ಕೊಳ್ಳಿ. ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಕೊಟ್ಟ ಹಣದ ಹೆಚ್ಚು ಪಾಲು ಕಲಾವಿದರಿಗೇ ಸೇರುತ್ತದೆ. 2020ರಲ್ಲಿ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಲ್ಲಂತೂ ಕಂಪನಿ ತನ್ನ ಪಾಲನ್ನೂ ಬಿಟ್ಟುಕೊಡುತ್ತದೆ.

ಹೀಗೆ ದುಡ್ಡು ಕೊಟ್ಟು ಕೊಳ್ಳುವುದನ್ನು ನಾನು ಕಲಿತದ್ದು ತಡವಾಗಿ. ಒಂದು ಸಂಜೆ ನಾಲ್ಕು ಹುಡುಗರು ಮೇಜಿನ ಮೇಲೆ ತಮ್ಮ ಸಿ.ಡಿ. ಇಟ್ಟುಕೊಂಡು ಕೂತಿದ್ದರು. ಮುಂದಿನ ಸಲ ಕೊಂಡರಾಯಿತು ಎಂದು ಬಂದುಬಿಟ್ಟೆ. ಅವರನ್ನು ಸಿನಿಮಾವೂ ಕರೆಯಲಿಲ್ಲ. ಬೇಸ್ ನುಡಿಸುವವನು ಎಂ.ಎಸ್. ಓದಲು ಅಮೆರಿಕಕ್ಕೆ ಹೋದ, ತಂಡ ಅಲ್ಲಿಗೆ ಮುಗಿಯಿತು. ಹೆಸರೂ ನೆನಪಿಲ್ಲ. ಹಾಡಿನ ಒಂದು ತುಣುಕು ಮಾತ್ರ ಇವತ್ತಿಗೂ ಪಾತ್ರೆ ತೊಳೆಯುವಾಗ ಬಾಯಿಗೆ ಬರುತ್ತದೆ. ಮುಂದಿನ ಸಾಲಿಗೆ ತಡವರಿಸುತ್ತೇನೆ.